ಧರಣಿಗೆ ಹೋಗಿ ಬಂದ ಮೇಲೆ ನನ್ನ ಫೋನನ್ನು ಸರ್ಕಾರ ಕದ್ದು ಕೇಳುತ್ತಿದೆಯಾ?

ನೀವು ಬರೆದಿರುವುದು ಇಷ್ಟು. ಮಂಡ್ಯದ ಸಂಜಯ ವೃತ್ತದಲ್ಲಿ ಕಾವೇರಿ ಧರಣಿಗೆ ಹೋಗಿದ್ದಿರಿ. ಎರಡು ದಿನ ಬಿಟ್ಟು ಮಫ್ತಿಯಲ್ಲಿದ್ದ ಪೊಲೀಸರೊಬ್ಬರು ಮನೆಗೆ ಬಂದು ನಿಮ್ಮ ತಾಯಿಯ ಹತ್ತಿರ ನಿಮ್ಮ ಬಗ್ಗೆ ವಿಚಾರಿಸಿದರು. ಅಲ್ಲಿಂದೀಚೆಗೆ ಫೋನಿನಲ್ಲಿ ಕರಕರ ಸದ್ದು, ಫೋನ್ ಬಿಸಿ ಬೇರೆ. ಕೋರ್ಟ್ ಅನುಮತಿ ಇಲ್ಲದೆ ಸರ್ಕಾರ ಹೀಗೆ ಕೇಳಬಹುದಾ ಅಂತ ನಿಮ್ಮ ಪ್ರಶ್ನೆ.

ಮೊದಲು ಸದ್ದಿನ ವಿಷಯ. ನಾನು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. 1988ರಲ್ಲಿ ಕದ್ದಾಲಿಕೆ ಗಲಾಟೆಗೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟರಲ್ಲ, ಆಗ ಊರಲ್ಲಿ ಯಾರ ಫೋನ್ ಕರ ಅಂದರೂ ನಮಗೆ ದೂರು ಬರುತ್ತಿತ್ತು. ಸರಸ್ವತಿಪುರಂನ ವಕೀಲರೊಬ್ಬರು ನನ್ನನ್ನೇ ಗೂಢಚಾರ ಅಂದುಕೊಂಡು ಬಾಗಿಲಲ್ಲೇ ನಿಲ್ಲಿಸಿದ್ದರು. ಕೊನೆಗೆ ಗೋಡೆಯ ಮೇಲಿನ ಡಬ್ಬಿ ಬಿಚ್ಚಿದೆ. ಒಳಗೆ ಇರುವೆ ಗೂಡು! ನಿಜವಾಗಿ ಕೇಳುವವರು ಸದ್ದು ಮಾಡುವುದಿಲ್ಲ. ಆ ಕಾಲದಲ್ಲಿ ಎಕ್ಸ್‌ಚೇಂಜಿನ ಒಳಗೆ ನಿಮ್ಮ ಜೋಡಿ ತಂತಿಗೆ ಇನ್ನೊಂದು ಜೋಡಿ ಸೇರಿಸಿದರೆ ಸಾಕಿತ್ತು. ಈಗ ಅದೂ ಬೇಡ. ಮೊಬೈಲ್ ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ನಂಬರ್ ಹಾಕಿದರೆ ಮಾತಿನ ಇನ್ನೊಂದು ಪ್ರತಿ ಅವರ ಕಡೆ ಹೋಗುತ್ತದೆ. ನಿಮ್ಮ ಕೈಲಿರುವ ಫೋನಿಗೆ ಅದರ ಸುಳಿವೂ ಇರುವುದಿಲ್ಲ.

ಇನ್ನು ಕೋರ್ಟ್ ವಿಷಯ. ಕೋರ್ಟ್ ಅನುಮತಿ ಬೇಕಾಗಿಲ್ಲ. ನನಗೆ ಇವತ್ತಿಗೂ ಅರಗದ ಮಾತು ಇದು.

ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಸರ್ಕಾರಕ್ಕೆ ಈ ಅಧಿಕಾರ ಇತ್ತು. ಈಗ ಅದರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಆದರೆ ಅಧಿಕಾರ ಹಾಗೇ ಇದೆ. ಹಾಗಂತ ಮನಸ್ಸು ಬಂದವರ ಫೋನೆಲ್ಲ ಕೇಳುವ ಹಾಗಿಲ್ಲ. ಸಾರ್ವಜನಿಕ ತುರ್ತು ಪರಿಸ್ಥಿತಿ ಇರಬೇಕು, ಇಲ್ಲವೇ ಜನರ ಸುರಕ್ಷತೆಯ ಪ್ರಶ್ನೆ ಇರಬೇಕು. ಅದರ ಜೊತೆಗೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಒಂದು ಕಾರಣವೂ ಬೇಕು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಸ್ಥೆ ಹೂಡಿದ್ದ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಕಟ್ಟು ಹಾಕಿತು. ಆದೇಶ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯೇ ಕೊಡಬೇಕು, ಒಂದು ಆದೇಶ ಎರಡು ತಿಂಗಳು, ಎಷ್ಟು ಎಳೆದರೂ ಆರು ತಿಂಗಳು. ಪರಿಶೀಲನೆಗೆ ಒಂದು ಸಮಿತಿ. ಮೊದಲೇ ನ್ಯಾಯಾಧೀಶರ ಒಪ್ಪಿಗೆ ಬೇಕು ಅಂತ ಮಾತ್ರ ಕೋರ್ಟ್ ಹೇಳಲಿಲ್ಲ.

ಆ ಸಮಿತಿಯಲ್ಲಿ ಯಾರಿದ್ದಾರೆ ಗೊತ್ತಾ? ರಾಜ್ಯದ ಮಟ್ಟದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಬೇಕು ಅಂತ ಕೇಳುವುದು ಪೊಲೀಸರು, ಕೊಡುವುದು ಗೃಹ ಇಲಾಖೆ, ಸರಿಯಾಗಿದೆಯಾ ಅಂತ ನೋಡುವುದು ಅದೇ ಸರ್ಕಾರದ ಪಕ್ಕದ ಕೋಣೆ. ಒಬ್ಬರಾದರೂ ಹೊರಗಿನವರು ಬೇಡವಾ? ಜನರ ಮಾಹಿತಿಯ ರಕ್ಷಣೆಗೆ ಕಾನೂನು ಹೇಗಿರಬೇಕು ಅಂತ ಹೇಳಲು ಕೇಂದ್ರ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಒಂದೊಂದು ಸಭೆಗೂ 15,000ದಿಂದ 18,000 ಆದೇಶ ಇರುತ್ತವಂತೆ. ಎಂಟು ಗಂಟೆ ಊಟ ಬಿಟ್ಟು ಕೂತರೂ ಒಂದಕ್ಕೆ ಎರಡು ಸೆಕೆಂಡ್ ಸಿಗುವುದಿಲ್ಲ. ನಾವು ಬಿಲ್ಲಿಗೆ ಮೊಹರು ಹೊಡೆಯುವಾಗಲೂ ಅದಕ್ಕಿಂತ ಜಾಸ್ತಿ ಹೊತ್ತು ನೋಡುತ್ತಿದ್ದೆವು.

ನಮ್ಮ ಕಾಲದಲ್ಲಿ ಮೇಲಿನಿಂದ ಒಂದು ಚೀಟಿ ಬರುತ್ತಿತ್ತು, ನಂಬರ್ ಮಾತ್ರ, ಹೆಸರಿಲ್ಲ. ಯಾರದು ಅಂತ ಕೇಳುವ ಧೈರ್ಯ ನಮಗಿರಲಿಲ್ಲ, ಸುಮ್ನೆ ಕೆಲಸ ಮಾಡುತ್ತಿದ್ದೆವು. ಈಗ ನೆನೆದರೆ ಮುಜುಗರ ಆಗುತ್ತದೆ. ಈಗಿನ ನಿಯಮದಲ್ಲಿ ಕಾರಣ ಬರೆದ ಆದೇಶ ಇರಲೇಬೇಕು. ಆದರೆ ಅದು ನಿಮ್ಮ ಕೈಗೆ ಬರುವುದಿಲ್ಲ, ಮುಗಿದ ಮೇಲೂ ಯಾರೂ ತಿಳಿಸುವುದಿಲ್ಲ. ಬೇರೆ ಅಗತ್ಯ ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಆ ಕಾಗದವನ್ನೇ ನಾಶ ಮಾಡಬೇಕು ಅಂತಲೂ ನಿಯಮ ಇದೆ. ಖಾಸಗಿತನಕ್ಕೆ ಅದು ಒಳ್ಳೆಯದೇ. ಆದರೆ ತಪ್ಪು ಮಾಡಿದವರ ಗುರುತೂ ಅದರ ಜೊತೆಗೇ ಹೋಗುತ್ತದೆ, ಅಲ್ವಾ?

ಆದರೂ ಕೋರ್ಟಿಗೆ ಹೋದರೆ ದಾರಿ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಎಂಬತ್ತು ದಾಟಿದ ಮೇಲೆ ಸರ್ಕಾರದ ವಿರುದ್ಧ ಕೋರ್ಟ್ ಮೆಟ್ಟಿಲು ಹತ್ತಿದರು. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಲಂಚದ ಪ್ರಕರಣವೊಂದರಲ್ಲಿ ಕದ್ದಾಲಿಕೆಯ ಆದೇಶವನ್ನೇ ರದ್ದು ಮಾಡಿತು. ಅಲ್ಲಿ ಸಾರ್ವಜನಿಕ ತುರ್ತೂ ಇರಲಿಲ್ಲ, ಕದ್ದು ಕೇಳಿದ್ದನ್ನು ಪರಿಶೀಲನಾ ಸಮಿತಿಯ ಮುಂದೆ ಇಟ್ಟೂ ಇರಲಿಲ್ಲ.

ನಿಮ್ಮ ವಿಷಯದಲ್ಲಿ ನನ್ನ ಅಂದಾಜು ಹೇಳಲಾ? ಧರಣಿಗೆ ಬಂದವರ ಪಟ್ಟಿ ಮಾಡಲು ಆ ಮಫ್ತಿ ಪೊಲೀಸರು ಮನೆಗೆ ಬಂದಿರಬೇಕು. ಮಾತು ಕೇಳುವುದಕ್ಕಿಂತ ನೀವು ಯಾರಿಗೆ, ಯಾವಾಗ, ಯಾವ ಟವರಿನಿಂದ ಫೋನ್ ಮಾಡಿದಿರಿ ಅನ್ನುವ ಸಿಡಿಆರ್ ತರಿಸುವುದು ಅವರಿಗೆ ಸುಲಭ. ಅದಕ್ಕೆ ಗೃಹ ಕಾರ್ಯದರ್ಶಿಯ ತನಕ ಹೋಗಬೇಕಾಗಿಲ್ಲ. ಕಂಪನಿಗಳು ಈ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟಿರಬೇಕು.

ಅವರು ಮತ್ತೆ ಬಂದರೆ ಹೆಸರು, ಠಾಣೆ ಕೇಳಿ ಬರೆದುಕೊಳ್ಳಿ. ತಾಯಿಗೂ ಹೇಳಿಕೊಡಿ, ಮರ್ಯಾದೆಯಿಂದಲೇ ಕೇಳಲಿ. ಫೋನ್ ಕೊಡಿ ಅಂದರೆ ಬರಹದಲ್ಲಿ ನೋಟಿಸ್ ಕೇಳಿ. ಪಾಸ್‌ವರ್ಡ್ ಕೊಡಲು ನೀವು ಒಪ್ಪದಿದ್ದರೆ ಪೊಲೀಸರು ಕೋರ್ಟಿನಿಂದ ವಾರಂಟ್ ತರಬೇಕು ಅಂತ ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ಯಾರಾದರೂ ವಕೀಲರ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ, ಫೋನಿನಲ್ಲಿ ಮಾತ್ರ ಇದ್ದರೆ ಫೋನ್ ಹೋದಾಗ ಅದೂ ಹೋಗುತ್ತದೆ.

ಮತ್ತೆ, ಫೋನ್ ಬಿಸಿ ಆಗುತ್ತಿದೆ ಅಂದಿರಲ್ಲ, ಒಮ್ಮೆ ಬ್ಯಾಟರಿ ಉಬ್ಬಿದೆಯಾ ನೋಡಿಸಿ.