ಹಂಗೇರಿಯ ರಾಷ್ಟ್ರಗೀತೆ ಮೈನರ್ ಸ್ಕೇಲಿನಲ್ಲಿದೆಯಾ? ಅದು ಯಾಕೆ ಅಷ್ಟು ನಿಧಾನ, ಅಷ್ಟು ದುಃಖದ್ದು? ಕೀಬೋರ್ಡಿನಲ್ಲಿ ನುಡಿಸೋಕೆ ಶ್ರುತಿ ಯಾವುದು?

ಮೈನರ್, ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ದುಃಖದ ಛಾಯೆಗೆ ಹೆಸರಾದ ಸ್ವರಶ್ರೇಣಿ, ಅಲ್ಲ. ಅಪ್ಪಟ ಮೇಜರ್, ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ನಿಮಗೆ ಮೈನರ್ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ, ನನಗೂ ಮೊದಲು ಹಾಗೇ ಅನ್ನಿಸಿತ್ತು. ಮೂರು ವರ್ಷ ಬುಡಾಪೆಸ್ಟ್‌ನಲ್ಲಿ ಕೆಲಸದ ಮೇಲಿದ್ದೆ. ಸಂಜೆ ಹೊತ್ತು ಹೋಗದೆ ನಮ್ಮ ಬಡಾವಣೆಯ ಹವ್ಯಾಸಿ ಗಾಯನವೃಂದಕ್ಕೆ ಸೇರಿಕೊಂಡೆ. ಅಲ್ಲಿ ಮೊದಲು ಕಲಿಸಿದ್ದೇ ಈ ‘ಹಿಮ್ನುಸ್’. ಸ್ವರಲಿಪಿಯ ಪುಟ ತೆರೆದರೆ ಮೂರು ಫ್ಲಾಟ್ ಗುರುತು, ಅಂದರೆ ಶ್ರುತಿ ಇ ಫ್ಲಾಟ್ ಮೇಜರ್. ‘ಮೈನರ್ ಅಲ್ವಾ?’ ಅಂತ ಕೇಳಿ ನಗೆಪಾಟಲಾದೆ.

ಹಾಗಾದರೆ ದುಃಖ ಎಲ್ಲಿಂದ ಬಂತು? ನನ್ನ ಪ್ರಕಾರ ಅರ್ಧ ಸಾಹಿತ್ಯದಿಂದ, ಅರ್ಧ ಕಾಲಪ್ರಮಾಣದಿಂದ. ಸ್ವರಗಳದ್ದು ಏನೂ ತಪ್ಪಿಲ್ಲ.

ಪದ್ಯ ಬರೆದವನು ಫೆರೆಂಟ್ಸ್ ಕೋಲ್ಚೆಯ್, 1823ರಲ್ಲಿ. ‘ಹಂಗೇರಿ ಜನರ ಬಿರುಗಾಳಿಯ ಶತಮಾನಗಳಿಂದ’ ಅಂತ ಉಪಶೀರ್ಷಿಕೆ ಬೇರೆ. ಇದು ನಮ್ಮ ಬೆಟ್ಟ ಚೆಂದ, ನಮ್ಮ ಹೊಳೆ ಚೆಂದ ಅನ್ನುವ ಜಾತಿಯ ಗೀತೆಯಲ್ಲ, ದೇವರ ಮುಂದೆ ನಿಂತು ಮಾಡಿದ ಅರಿಕೆ. ಎಂಟು ಚರಣಗಳಲ್ಲಿ ಹಾಡುವುದು ಮೊದಲನೆಯದನ್ನು ಮಾತ್ರ. ಅದರ ಕೊನೆಯ ಮಾತು ಕೇಳಿ: ಈ ಜನ ಆಗಿಹೋದದ್ದಕ್ಕೂ ಮುಂದೆ ಬರುವುದಕ್ಕೂ ಆಗಲೇ ಶಿಕ್ಷೆ ಅನುಭವಿಸಿ ಮುಗಿಸಿದ್ದಾರೆ. ಮುಂದಾಗುವ ತಪ್ಪಿಗೂ ಮುಂಗಡ ಕಟ್ಟಿಯಾಗಿದೆ, ಇನ್ನಾದರೂ ಬಿಡು ದೇವರೇ ಅನ್ನುವ ಧಾಟಿ. ಒಳಗಿನ ಚರಣಗಳಲ್ಲಿ ಮಂಗೋಲರ ದಾಳಿ, ತುರ್ಕರ ನೊಗ ಎಲ್ಲ ಬರುತ್ತವೆ. ಮೊದಲ ಚರಣದಲ್ಲಿ ‘ಹರಸು’ ಅಂದಿದ್ದ ಕವಿ ಕೊನೆಯ ಚರಣದಲ್ಲಿ ಅದೇ ಜಾಗದಲ್ಲಿ ‘ಕನಿಕರಿಸು’ ಅನ್ನುತ್ತಾನೆ. ಇಡೀ ಪದ್ಯದ ಭಾವ ಆ ಒಂದು ಪದದ ಬದಲಾವಣೆಯಲ್ಲಿದೆ.

ಇಂಥ ಪದ್ಯಕ್ಕೆ ರಾಗ ಹಾಕಿದ ಫೆರೆಂಟ್ಸ್ ಎರ್ಕೆಲ್ ಮೇಜರ್ ಹಿಡಿದ. 1844ರಲ್ಲಿ ಪೆಸ್ಟ್‌ನ ರಾಷ್ಟ್ರೀಯ ರಂಗಮಂದಿರದ ನಿರ್ದೇಶಕ ಆಂದ್ರಾಶ್ ಬೊರ್ತೊಯ್ ಇದಕ್ಕೆ ರಾಗ ಹಾಕಿದವರಿಗೆ ಬಹುಮಾನ ಅಂತ ಸ್ಪರ್ಧೆ ಕರೆದಿದ್ದ, ಇಪ್ಪತ್ತು ಚಿನ್ನದ ನಾಣ್ಯ. ಎರ್ಕೆಲ್ ಬರೆಯದೆ ಕಾಲ ತಳ್ಳುತ್ತಿದ್ದಾಗ ಬೊರ್ತೊಯ್ ಅವನನ್ನು ಪಿಯಾನೊ ಇದ್ದ ಕೋಣೆಗೆ ದೂಡಿ ಬೀಗ ಹಾಕಿದ ಅಂತ ಒಂದು ಕತೆ ಇದೆ. ನಿಜವೋ ಸುಳ್ಳೋ, ಆ ಊರಲ್ಲಿ ಎಲ್ಲರೂ ಹೇಳುತ್ತಾರೆ. ಗೆದ್ದದ್ದಂತೂ ಎರ್ಕೆಲ್. ಗಾಯನವೃಂದ ಮತ್ತು ಆರ್ಕೆಸ್ಟ್ರಾಕ್ಕೆಂದು ಬರೆದ ಕೃತಿ ಇದು, ಅದೇ ಜುಲೈ 2ರಂದು ಮೊದಲ ಪ್ರದರ್ಶನ.

ಎರ್ಕೆಲ್ ಒಪೆರಾ ಮನುಷ್ಯ. ಅವನ ಕಿವಿಯಲ್ಲಿ ಇದ್ದದ್ದು ‘ವೆರ್ಬುಂಕೋಶ್’, ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳಲು ಊರೂರಲ್ಲಿ ಕುಣಿಯುತ್ತಿದ್ದ ಕುಣಿತದ ಸಂಗೀತ. ಒಂದು ಸ್ವರ ಎಳೆದು, ಮುಂದಿನದನ್ನು ಚಿಟಿಕೆಯಷ್ಟು ಹೊತ್ತು ಮಾತ್ರ ಮುಟ್ಟುವ ಕುಂಟುನಡೆ ಅದರ ಗುರುತು. ಹಿಮ್ನುಸ್‌ನಲ್ಲೂ ಅದರ ನೆರಳಿದೆ. ಮೂಲದ ವೇಗ ಈಗ ಕೇಳುವುದಕ್ಕಿಂತ ಚುರುಕು, ಆ ವೇಗದಲ್ಲಿ ಹಾಡಿದರೆ ಇದು ತಲೆ ಎತ್ತಿ ನಡೆಯುವ ಪ್ರಾರ್ಥನೆ. ಬರಬರುತ್ತಾ ಜನ ಎಳೆದರು. ಈಗ ಹೆಚ್ಚಾಗಿ ಕೇಳುವುದು 1938ರಲ್ಲಿ ಎರ್ನೊ ದೋಖ್ನಾನ್ಯಿ ಮಾಡಿದ ವಾದ್ಯಸಂಯೋಜನೆ, ಗಂಭೀರ, ಭಾರ. ಮೂಲ ವೇಗಕ್ಕೆ ಮರಳಬೇಕು ಅಂತ ವಾದಿಸುವ ಸಂಗೀತಗಾರರು ಅಲ್ಲಿದ್ದಾರೆ. ನಾಡಗೀತೆಯ ಧಾಟಿಗೆ, ಅವಧಿಗೆ ವರ್ಷಗಟ್ಟಲೆ ಜಗಳವಾಡಿದ ನಮಗೆ ಇದು ಹೊಸದಲ್ಲ ಬಿಡಿ.

ನಿಧಾನಕ್ಕೆ ಹಾಡುವುದು ಎಷ್ಟು ಕಷ್ಟ ಅಂತ ನಿಂತು ಹಾಡಿದರೆ ಗೊತ್ತಾಗುತ್ತೆ. ಮೊದಲ ಸಾಲು ‘ಇಶ್ಟೆನ್, ಆಲ್ಡ್ ಮೆಗ್ ಒ ಮೊದ್ಯೊರ್ತ್’, ಏಳು ಅಕ್ಷರ. ಮುಂದಿನ ಸಾಲು ಆರು. ಹಂಗೇರಿಯನ್‌ನಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ. ಹಾಗಾಗಿ ಹಾಡು ತಾಳದ ಸಮದಲ್ಲೇ ಎತ್ತುತ್ತದೆ, ಮುಂಚೆ ಒಂದು ಅಕ್ಷರ ಜಾರಿಸುವ ಆಟವಿಲ್ಲ. ‘ಇಶ್’ ಮೇಲೆ ಎಲ್ಲರೂ ಒಟ್ಟಿಗೆ ಬೀಳಬೇಕು. ನಾನು ಪ್ರತಿ ಸಲ ಕೂದಲೆಳೆ ತಡ. ಪಕ್ಕದಲ್ಲಿ ನಿಲ್ಲುತ್ತಿದ್ದ ಅಜ್ಜಿ ಬೆರಳಿನಿಂದ ನನ್ನ ಮೊಣಕೈ ತಟ್ಟಿ ಸಮ ತೋರಿಸುತ್ತಿದ್ದರು. ಏಳನೇ ಅಕ್ಷರಕ್ಕೆ ನನ್ನ ಉಸಿರು ಮುಗಿದಿರುತ್ತಿತ್ತು, ಅವರದು ಇನ್ನೂ ಉಳಿದಿರುತ್ತಿತ್ತು.

ಅವರೇ ಒಮ್ಮೆ ಹೇಳಿದರು, ಕಮ್ಯುನಿಸ್ಟರ ಕಾಲದಲ್ಲಿ ಸಮಾರಂಭಗಳಲ್ಲಿ ಹೆಚ್ಚಾಗಿ ವಾದ್ಯ ಮಾತ್ರ ನುಡಿಸುತ್ತಿದ್ದರಂತೆ. ಮೊದಲ ಪದವೇ ‘ದೇವರೇ’ ಅಂತಲ್ಲವಾ. ಜನ ತುಟಿಯೊಳಗೇ ಹಾಡಿಕೊಳ್ಳುತ್ತಿದ್ದರಂತೆ. ರಾಷ್ಟ್ರಗೀತೆ ಅಂತ ಸಂವಿಧಾನದಲ್ಲಿ ಬರೆದದ್ದೇ 1989ರಲ್ಲಿ.

ಇದರ ಭಾವ ನನಗೆ ಸರಿಯಾಗಿ ತಟ್ಟಿದ್ದು ಹೊಸ ವರ್ಷದ ರಾತ್ರಿ, ಅದೇ ಅಜ್ಜಿಯ ಮನೆಯಲ್ಲಿ. ಹನ್ನೆರಡು ಹೊಡೆಯಿತು, ಹೊರಗೆ ಪಟಾಕಿ. ಟಿವಿಯಲ್ಲಿ ಹಿಮ್ನುಸ್ ಶುರುವಾದದ್ದೇ ನಗುತ್ತಿದ್ದವರೆಲ್ಲ ಗ್ಲಾಸು ಹಿಡಿದುಕೊಂಡೇ ಎದ್ದು ನಿಂತರು. ಯಾರ ಮುಖದಲ್ಲೂ ಅಳು ಇಲ್ಲ, ನಗುವೂ ಇಲ್ಲ. ‘ಒಂದು ಸಂತಸದ ವರ್ಷ ತಂದುಕೊಡು’ ಅನ್ನುವ ಸಾಲು ಹಾಡಿನಲ್ಲೇ ಇದೆ. ಆ ಹೊತ್ತಿಗೆ ಅದು ಚರಿತ್ರೆಯ ಗೋಳಾಗಿರಲಿಲ್ಲ, ನಾಳೆ ಬೆಳಗಿನ ಬೇಡಿಕೆಯಾಗಿತ್ತು. ಹಾಡು ಮುಗಿಯಿತು, ಚೆನ್ನಂಗಿ ಕಾಳಿನ ಸಾರು ಬಂತು. ಹೊಸ ವರ್ಷಕ್ಕೆ ಆ ಕಾಳು ತಿಂದರೆ ದುಡ್ಡು ಬರುತ್ತಂತೆ.

ಇನ್ನು ಕೀಬೋರ್ಡಿನ ವಿಷಯ. ಎರ್ಕೆಲ್ ಬರೆದ ಇ ಫ್ಲಾಟ್ ಅಂದರೆ ನಮ್ಮ ಹಾರ್ಮೋನಿಯಂನವರ ಕಪ್ಪು ಎರಡು. ಸೊಪ್ರಾನೊಗಳಿಗೆ, ಅಂದರೆ ಎತ್ತರದ ಹೆಣ್ಣು ಕಂಠದವರಿಗೆ, ಅದು ಸಲೀಸು, ನಮ್ಮಂಥವರಿಗೆ ಎತ್ತರ. ಟ್ರಾನ್ಸ್‌ಪೋಸ್ ಮೈನಸ್ ಮೂರಕ್ಕೆ ಇಟ್ಟುಕೊಳ್ಳಿ, ಬಿಳಿ ಒಂದರ ಶ್ರುತಿಗೆ ಇಳಿಯುತ್ತೆ. ಮೊದಲು ಪದ ಬಿಟ್ಟು, ನೀವು ಯೂಟ್ಯೂಬಿನಲ್ಲಿ ಕೇಳಿದ್ದರ ಒಂದೂವರೆ ಪಟ್ಟು ವೇಗದಲ್ಲಿ ನುಡಿಸಿ ನೋಡಿ.