ಕೆಲಸದ ಒತ್ತಡಕ್ಕೆ ಟೀಚರುಗಳ ಊಟ, ನಿದ್ದೆ ಕೆಡುವುದು ಯಾಕೆ?

ಕೊಡಗಿನ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರುವ ನಿಮ್ಮ ಅಕ್ಕ ವಾಕಿಂಗ್ ಬಿಟ್ಟಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ.

ಸೋಮವಾರಪೇಟೆ ಕಡೆಯ ಚಿಕ್ಕ ಶಾಲೆಯೊಂದನ್ನು ನೆನೆಸಿಕೊಳ್ಳಿ. ಇಬ್ಬರೇ ಟೀಚರ್, ಐದು ತರಗತಿ. ಪಾಠದ ಜೊತೆ ಬಿಸಿಯೂಟದ ಲೆಕ್ಕ, ಆನ್‌ಲೈನ್‌ನಲ್ಲಿ ಮಕ್ಕಳ ಮಾಹಿತಿ, ವಾಟ್ಸಾಪ್‌ನಲ್ಲಿ "ಇವತ್ತೇ ಕಳಿಸಿ" ಅನ್ನೋ ಮೆಸೇಜು. ಜುಲೈ ಮಳೆಗೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಆ ಕೆಲಸವೆಲ್ಲ ರಾತ್ರಿಗೆ ಬೀಳುತ್ತದೆ, ನಿದ್ದೆ ಅಷ್ಟು ಕಡಿಮೆ.

ನಿದ್ದೆ ಕೆಟ್ಟರೆ ಹಸಿವಿನ ಹಾರ್ಮೋನುಗಳ ಲಯ ತಪ್ಪುತ್ತದೆ. ಸಿಹಿ, ಕರಿದ ತಿಂಡಿ ಜಾಸ್ತಿ ಬೇಕೆನಿಸುತ್ತದೆ. ಬಸ್ ಹಿಡಿಯುವ ಗಡಿಬಿಡಿಯಲ್ಲಿ ಬೆಳಗಿನ ತಿಂಡಿ ಇಲ್ಲ, ಆಮೇಲೆ ಕಾಫಿ ಮೇಲೆ ಕಾಫಿ. (ಕೊಡಗಿನಲ್ಲಿ ಕಾಫಿ ಬೇಡ ಅನ್ನೋರು ಯಾರು!) ಸಂಜೆ ಕುಡಿದ ಕಾಫಿ ಮತ್ತೆ ನಿದ್ದೆಗೇ ಕುತ್ತು.

ನನಗೆ ಹೆಚ್ಚು ಚಿಂತೆ ಅನಿಸುವುದು ನೀರಿನ ವಿಷಯ. ತರಗತಿ ಬಿಟ್ಟು ಹೋಗೋಕಾಗಲ್ಲ, ಶೌಚಾಲಯ ಸರಿಯಿಲ್ಲ ಅಂತ ಎಷ್ಟೋ ಟೀಚರಮ್ಮಂದಿರು ದಿನವಿಡೀ ಎರಡು ಗುಟುಕಿಗೇ ನಿಲ್ಲಿಸುತ್ತಾರೆ. ಇದರಿಂದ ಮೂತ್ರದ ಸೋಂಕಿನ ಸಾಧ್ಯತೆ ಹೆಚ್ಚು. ಒಣ ಗಂಟಲಲ್ಲೇ, ಶೀಟಿನ ಮೇಲೆ ಬೀಳುವ ಮಳೆ ಸದ್ದನ್ನು ಮೀರಿ ಕೂಗಿ ಕೂಗಿ ದನಿಯೂ ಕೂರುತ್ತದೆ.

ವ್ಯಾಯಾಮ? ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ ಇರಲಿ ಅನ್ನುತ್ತದೆ. ಮಳೆ ಬಿಟ್ಟ ದಿನ ಒಂದು ಸ್ಟಾಪ್ ಮೊದಲೇ ಇಳಿದು ನಡೆದರೂ ಲೆಕ್ಕಕ್ಕೆ ಬರುತ್ತದೆ. ಆದರೆ "ವಾಕಿಂಗ್ ಹೋಗು" ಅಂತ ಸುಮ್ನೆ ಹೇಳುವ ಬದಲು, ರಾತ್ರಿ ಅಡುಗೆಯನ್ನು ಮನೆಯವರು ನೋಡಿಕೊಂಡರೆ ಅಕ್ಕನಿಗೆ ಒಂದು ಗಂಟೆ ಉಳಿಯುತ್ತದೆ ಅಲ್ವಾ?