ಸ್ಟ್ರುಫೊಲಿ ಗಟ್ಟಿಯಾಗದಿರಲು, ಜೇನು ಸೋರದಿರಲು

ನಿಮ್ಮ ಸ್ಟ್ರುಫೊಲಿ (ಕರಿದು ಜೇನಿನಲ್ಲಿ ಹೊರಳಿಸುವ ಹಿಟ್ಟಿನ ಪುಟ್ಟ ಉಂಡೆಗಳ ಇಟಲಿಯ ಸಿಹಿತಿಂಡಿ) ಮರುದಿನಕ್ಕೆ ಕಲ್ಲಾಯ್ತು, ಜೇನೆಲ್ಲ ತಟ್ಟೆಗೆ ಸೋರಿತು ಅಂದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು.

ಗಟ್ಟಿಯಾಗುವುದಕ್ಕೆ ಮುಖ್ಯ ಕಾರಣ ಹಿಟ್ಟು ಜಾಸ್ತಿಯಾಗುವುದು. 400 ಗ್ರಾಂ ಮೈದಾಕ್ಕೆ 3-4 ಮೊಟ್ಟೆ, 60 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ತುರಿದ ನಿಂಬೆ ಸಿಪ್ಪೆ. ನೇಪಲ್ಸ್‌ನಲ್ಲಿ ಕ್ರಿಸ್‌ಮಸ್‌ಗೆ ಮಾಡುವಾಗ ಸೋಂಪಿನ ಪರಿಮಳದ ಮದ್ಯವನ್ನೂ ಸ್ವಲ್ಪ ಹಾಕುತ್ತಾರೆ. ಬೇಡವಾದರೆ ಕಿತ್ತಳೆ ರಸ ಸಾಕು. ಕಣಕ ಮೆತ್ತಗಿರಲಿ. ಕೈಗೆ ಅಂಟಿತು ಅಂತ ಸುಮ್ನೆ ಹಿಟ್ಟು ಸುರಿಯುತ್ತಾ ಹೋಗಬೇಡಿ, ಮುಚ್ಚಿ ಅರ್ಧ ಗಂಟೆ ಬಿಡಿ. ಅಂಟು ತಾನಾಗಿ ಕಡಿಮೆಯಾಗುತ್ತದೆ.

ಕಿರುಬೆರಳಿಗಿಂತ ತೆಳ್ಳಗೆ ಹೊಸೆದು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ. ಕರಿದಾಗ ಉಬ್ಬುತ್ತವೆ, ಅಲ್ವಾ? ಮೇಲಿನ ಒಣಹಿಟ್ಟನ್ನು ಜರಡಿಯಲ್ಲಿ ಕೊಡವಿ. ಇಲ್ಲದಿದ್ದರೆ ಅದು ಎಣ್ಣೆಯಲ್ಲಿ ಸೀದು ಕಹಿ ಬರುತ್ತದೆ. ಎಣ್ಣೆ ಸುಮಾರು 170 ಡಿಗ್ರಿ ಇರಲಿ, ಸ್ವಲ್ಪ ಸ್ವಲ್ಪವೇ ಹಾಕಿ, ತಿಳಿ ಹೊಂಬಣ್ಣಕ್ಕೆ ತೆಗೆಯಿರಿ. ತುಂಬಾ ಹೊತ್ತು ಕರಿದರೂ ಒಳಗೆಲ್ಲ ಒಣಗುತ್ತದೆ.

ಇನ್ನು ಜೇನು. ಇಷ್ಟಕ್ಕೆ 250 ಗ್ರಾಂ ಬೇಕು. ಸಣ್ಣ ಉರಿಯಲ್ಲಿ ತೆಳುವಾಗುವಷ್ಟು ಬಿಸಿ ಮಾಡಿ, ಚೆನ್ನಾಗಿ ಕುದಿಸಿದರೆ ಆರಿದಾಗ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನೀವು ಕರಿದ ಉಂಡೆಗಳನ್ನು ಜೇನಿಗೆ ಬೆರೆಸಿದ ಕೂಡಲೇ ತಟ್ಟೆಗೆ ಸುರಿದಿರಬೇಕು ಅನಿಸುತ್ತದೆ. ಹಾಗಲ್ಲ, ಪಾತ್ರೆಯಲ್ಲೇ ಬಿಟ್ಟು ಆಗಾಗ ಕೈಯಾಡಿಸಿ. ಜೇನು ದಪ್ಪವಾಗಿ ಉಂಡೆಗಳಿಗೆ ಹಿಡಿದ ಮೇಲೆ ತಟ್ಟೆಯಲ್ಲಿ ಬಳೆಯಾಕಾರಕ್ಕೆ ಜೋಡಿಸಿ. ಕೈ ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ. ಬಣ್ಣದ ಸಕ್ಕರೆ ಕಾಳು ಕೊನೆಗೇ ಉದುರಿಸಿ, ಬಿಸಿ ಇರುವಾಗ ಹಾಕಿದರೆ ಬಣ್ಣ ಬಿಡುತ್ತದೆ.